ಮಂತ್ರಿ ಚಳಿ ಬಿಡಿಸಿದ್ರು ಸರಿ, ಆಫೀಸರ್ ಕಂಪ್ಲೇಂಟ್ ಕೊಡುದು ಯಾರಿಗೆ?

ಕೆಡಿಪಿ ಮೀಟಿಂಗ್, ಅಂದ್ರೆ ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಸಭೆ, ಆದ ಮರುದಿನದ ಪೇಪರ್ ತೆಗೆದು ನೋಡಿ, ಮಂಗಳೂರಾಗ್ಲಿ ಉಡುಪಿಯಾಗ್ಲಿ, ಹೆಡ್‌ಲೈನ್ ಹೆಚ್ಚುಕಮ್ಮಿ ಒಂದೇ. "ಅಧಿಕಾರಿಗಳಿಗೆ ಸಚಿವರ ತರಾಟೆ", "ಶಾಸಕರು ಗರಂ", "ಬೆವರಿಳಿಸಿದ ಉಸ್ತುವಾರಿ". ಯೂಟ್ಯೂಬ್ ಚಾನೆಲಿನವರಾದ್ರೆ ಇನ್ನೂ ಒಂದು ಹೆಜ್ಜೆ ಮುಂದೆ, "ಚಳಿ ಬಿಡಿಸಿದ ಮಂತ್ರಿ". ಮಂಗಳೂರಿನ ಈ ಸೆಕೆಯಲ್ಲಿ ಬಿಡಿಸ್ಲಿಕ್ಕೆ ಚಳಿಯಾದ್ರೂ ಎಲ್ಲಿಂದ ಬರ್ಬೇಕು ಮಾರಾಯ್ರೆ, ಆದ್ರೂ ಬಿಡಿಸ್ತಾರೆ. ವಿಡಿಯೊದಲ್ಲಿ ಒಬ್ಬ ಇಂಜಿನಿಯರೋ ತಹಶೀಲ್ದಾರೋ ಮೈಕ್ ಹಿಡ್ಕೊಂಡು ಎದ್ದು ನಿಂತಿರ್ತಾರೆ, ಕೈಯಲ್ಲಿ ಒಂದು ಫೈಲ್, ಬಾಯಲ್ಲಿ "ಸರ್... ಸರ್... ಅದು ಸರ್..." ಇಷ್ಟೇ. ಕೆಳಗೆ ನಾವು ಚಪ್ಪಾಳೆ, ಬೆಂಕಿ ಇಮೋಜಿ ಎಲ್ಲ ಹಾಕಿ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡ್ತೇವೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳ್ಬೇಕು.

ಇದೇ ಕೆಲಸ ಬೇರೆ ಒಂದು ದೇಶದಲ್ಲಿ ಒಬ್ಬ ಉಪಪ್ರಧಾನಿಯ ಕುರ್ಚಿಯನ್ನೇ ತಿಂದು ಹಾಕಿತು ಅಂದ್ರೆ ನಂಬ್ಲಿಕ್ಕೆ ಸ್ವಲ್ಪ ಕಷ್ಟ.

ಬ್ರಿಟನ್ನಿನ ಡೊಮಿನಿಕ್ ರಾಬ್. ರಿಷಿ ಸುನಕ್ ಪ್ರಧಾನಿ ಆಗಿದ್ದಾಗ ಇವರು ಡೆಪ್ಯುಟಿ ಪ್ರೈಮ್ ಮಿನಿಸ್ಟರ್, ಜೊತೆಗೆ ನ್ಯಾಯ ಖಾತೆಯ ಮಂತ್ರಿ, ಅದಕ್ಕೂ ಮೊದಲು ವಿದೇಶಾಂಗ ಮಂತ್ರಿ ಆಗಿದ್ದವರು. 2023ರ ಏಪ್ರಿಲ್ 21ಕ್ಕೆ ರಾಜೀನಾಮೆ ಕೊಟ್ರು. ಕಾರಣ ಲಂಚ ಅಲ್ಲ, ಹಗರಣ ಅಲ್ಲ, ತನ್ನ ಇಲಾಖೆಯ ನೌಕರರ ಹತ್ರ ನಡ್ಕೊಂಡ ರೀತಿ. 2022ರ ನವೆಂಬರಿನಲ್ಲಿ ದೂರುಗಳು ಹೊರಗೆ ಬಂದಾಗ ರಾಬ್ ಅವರೇ ಪ್ರಧಾನಿಗೆ ಪತ್ರ ಬರೆದು ತನಿಖೆ ಮಾಡಿಸಿ ಅಂದ್ರು, ತಪ್ಪು ಅಂತ ಬಂದ್ರೆ ರಾಜೀನಾಮೆ ಕೊಡ್ತೇನೆ ಅಂತಲೂ ಹೇಳಿದ್ರು. ಆಡಮ್ ಟಾಲಿ ಅನ್ನುವ ಹಿರಿಯ ವಕೀಲರಿಗೆ ಕೆಲಸ ಒಪ್ಪಿಸಿದ್ರು. ಅವರು ಐದು ತಿಂಗಳು ಕೂತು 66 ಜನರನ್ನು ಮಾತಾಡಿಸಿದ್ರು, ಮೂರು ಇಲಾಖೆಗಳಿಗೆ ಸೇರಿದ ಎಂಟು ದೂರು ನೋಡಿದ್ರು.

ರಿಪೋರ್ಟ್ ಏನು ಹೇಳಿತು ಅನ್ನುದನ್ನು ಸ್ವಲ್ಪ ನಿಧಾನಕ್ಕೆ ನೋಡ್ಬೇಕು, ಯಾಕಂದ್ರೆ ನಮ್ಮ ಕಣ್ಣಿಗೆ ಇದು "ಇಷ್ಟಕ್ಕೇ?" ಅನ್ನಿಸುವ ಹಾಗೆ ಉಂಟು. ರಾಬ್ ಯಾರಿಗೂ ಬೊಬ್ಬೆ ಹೊಡೆದದ್ದಕ್ಕೆ, ಕೆಟ್ಟ ಮಾತಲ್ಲಿ ಬೈದದ್ದಕ್ಕೆ ಒಪ್ಪುವಂಥ ಸಾಕ್ಷಿ ಸಿಗಲಿಲ್ಲ. ಟೊಮೆಟೊ ಬಿಸಾಡಿದ್ರು ಅಂತ ಒಂದು ಕಥೆ ಅಲ್ಲಿನ ಪೇಪರಿನಲ್ಲಿ ಓಡಿತ್ತು, ಅವರು ಅಲ್ಲಗಳೆದ್ರು. ಸಿಕ್ಕಿದ್ದು ಬೇರೆ: ವಿದೇಶಾಂಗ ಇಲಾಖೆಯ ಒಂದು ಮೀಟಿಂಗಿನಲ್ಲಿ ಎದುರಿನವರು ಹೆದರುವಷ್ಟು, ಬಿಡದೆ ಒಂದೇ ಸಮ ಮೇಲೆ ಬಿದ್ದ ಹಾಗೆ ವರ್ತಿಸಿದ್ದು, ಅಧಿಕಾರವನ್ನು ಇನ್ನೊಬ್ಬರು ಕುಗ್ಗುವ ಹಾಗೆ ಬಳಸಿದ್ದು. ನ್ಯಾಯ ಇಲಾಖೆಯಲ್ಲಿ, ಕೆಲಸ ಸರಿ ಇಲ್ಲ ಅಂತ ಹೇಳ್ಲಿಕ್ಕೆ ಎಷ್ಟು ಬೇಕೋ ಅದಕ್ಕಿಂತ ಮುಂದೆ ಹೋಗಿ, ಏನೂ ಪ್ರಯೋಜನ ಇಲ್ಲದ್ದು ಅನ್ನುವ ಧಾಟಿಯಲ್ಲಿ ಅವಮಾನ ಆಗುವ ಹಾಗೆ ಮಾತಾಡಿದ್ದು. ಅಷ್ಟೇ. ನಮ್ಮ ಒಂದು ಕೆಡಿಪಿ ಮೀಟಿಂಗಿನ ಮೊದಲ ಅರ್ಧ ಗಂಟೆಯಲ್ಲಿ ಇದಕ್ಕಿಂತ ಜಾಸ್ತಿ ಆಗ್ತದೆ.

ರಿಪೋರ್ಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಮಾತು. ತನಿಖೆ ಘೋಷಣೆ ಆದ ಮೇಲೆ ರಾಬ್ ತನ್ನ ಒರಟುತನವನ್ನು ಹತೋಟಿಗೆ ತಂದ್ರು, ಅದನ್ನು ಮೊದಲೇ ಮಾಡ್ಬೇಕಿತ್ತು ಅಂತ ಟಾಲಿ ಬರೀತಾರೆ. ನಮ್ಮಲ್ಲಿ ಹೇಳ್ತಾರಲ್ಲ, "ಅವರು ಸ್ವಲ್ಪ ಕೋಪಿಷ್ಟ ಅಷ್ಟೇ, ಮನಸ್ಸು ಚಿನ್ನ" ಅಂತ. ಹಾಗಾದ್ರೆ ಈ ಕೋಪ ಹೈಕಮಾಂಡಿನವರ ಎದುರು ಯಾಕೆ ಬರುದಿಲ್ಲ? ತನಗಿಂತ ಕೆಳಗಿನವರ ಎದುರು ಮಾತ್ರ ಬರುವ ಕೋಪವನ್ನು ಸ್ವಭಾವ ಅಂತ ಕರೀಲಿಕ್ಕೆ ನನಗೆ ಮನಸ್ಸಿಲ್ಲ.

ರಾಬ್ ಸುಮ್ಮನೆ ಹೋಗಲಿಲ್ಲ. ಎರಡು ಬಿಟ್ಟು ಬಾಕಿ ಆರೋಪ ಎಲ್ಲ ಬಿದ್ದು ಹೋಗಿದೆ, ಬುಲ್ಲಿಯಿಂಗ್, ಅಂದ್ರೆ ಅಧಿಕಾರದ ಬಲದಲ್ಲಿ ಕೆಳಗಿನವರನ್ನು ಹೆದರಿಸಿ ಕುಗ್ಗಿಸುದು, ಅನ್ನುದಕ್ಕೆ ಇಷ್ಟು ಕೆಳಗಿನ ಗೆರೆ ಎಳೆದ್ರೆ ಅಪಾಯ, ಬದಲಾವಣೆ ತರ್ಲಿಕ್ಕೆ ಹೊರಟ ಮಂತ್ರಿಗಳಿಗೆ ಚಳಿ ಹಿಡಿದ ಹಾಗೆ ಆಗ್ತದೆ ಅಂತ ರಾಜೀನಾಮೆ ಪತ್ರದಲ್ಲೇ ಬರೆದ್ರು. ನೋಡಿ, ನಮ್ಮಲ್ಲಿ ಮಂತ್ರಿ ಆಫೀಸರಿನ ಚಳಿ ಬಿಡಿಸುದು, ಅಲ್ಲಿ ಮಂತ್ರಿಗೇ ಚಳಿ.

ಈ ವಾದವನ್ನು ಸುಮ್ಮನೆ ತಳ್ಳಿ ಹಾಕ್ಲಿಕ್ಕೆ ಆಗುದಿಲ್ಲ ಆಯ್ತಾ. ಯಾಕಂದ್ರೆ ಇದನ್ನೇ ನಾವೂ ಹೇಳುದು. ಜಾಗದ ಖಾತೆಯ ಒಂದು 9/11 ಫಾರ್ಮ್ ಮಾಡಿಸ್ಲಿಕ್ಕೆ ಪಂಚಾಯತಿಗೆ ಎಷ್ಟು ಸಲ ಅಲೆದಿದ್ದೇವೆ, ಕನ್ವರ್ಷನ್ನಿಗೆ, ಪ್ಲಾಟಿಂಗಿಗೆ, ಸರ್ವೆಗೆ ಅಂತ ತಾಲೂಕು ಆಫೀಸಿನ ಮೆಟ್ಟಿಲು ಎಷ್ಟು ಹತ್ತಿದ್ದೇವೆ, "ಸರ್ವರ್ ಇಲ್ಲ", "ಸಾಹೇಬ್ರು ಮೀಟಿಂಗಿಗೆ ಹೋಗಿದ್ದಾರೆ", "ನಾಡಿದ್ದು ಬನ್ನಿ" ಅಂತ ಎಷ್ಟು ಸಲ ಕೇಳಿದ್ದೇವೆ. ಕವರ್ ಕೊಟ್ಟ ಕೂಡ್ಲೆ ಸರ್ವರ್ ಸರಿ ಆಗುವ ಚಮತ್ಕಾರವನ್ನೂ ನೋಡಿದ್ದೇವೆ. ಹಾಗೆ ಉರಿದುಕೊಂಡು ಕೂತವನಿಗೆ ಮಂತ್ರಿಯೊಬ್ಬ ಅದೇ ಆಫೀಸರಿಗೆ ನಾಲ್ಕು ಜನರ ಎದುರು ಜೋರು ಮಾಡುದು ನೋಡಿದ್ರೆ ಹೊಟ್ಟೆ ತಣ್ಣಗಾಗುದು ಸಹಜ. ಅಧಿಕಾರಿಗಳನ್ನು ಪ್ರಶ್ನೆ ಮಾಡ್ಲಿಕ್ಕೇ ನಾವು ಓಟು ಕೊಟ್ಟು ಕಳಿಸಿದ್ದು, ಪ್ರಶ್ನೆ ಮಾಡದಿದ್ರೆ ಅದು ಬೇರೆ ಸಮಸ್ಯೆ.

ಆದ್ರೆ ಎರಡು ಮಾತು ಉಂಟು. "ಈ ರಸ್ತೆಯ ಎಸ್ಟಿಮೇಟ್ ಮೂರು ತಿಂಗಳು ಯಾರ ಟೇಬಲಿನಲ್ಲಿ ಇತ್ತು, ಯಾಕೆ ಇತ್ತು?" ಇದು ಒಂದು. "ನಿಮಗೆಲ್ಲ ಸಂಬಳ ಕೊಡುದು ಯಾಕೆ, ನಾಚಿಕೆ ಆಗುದಿಲ್ವಾ, ಮನೆಗೆ ಹೋಗಿ ದನ ಕಾಯಿರಿ" ಇದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡ್ಲೇಬೇಕು, ತಪ್ಪಿಸ್ಕೊಳ್ಲಿಕ್ಕೆ ದಾರಿ ಇಲ್ಲ, ನಿಜವಾಗಿ ಕಳ್ಳ ಆಫೀಸರ್ ಹೆದರುದು ಇದಕ್ಕೆ. ಎರಡನೆಯದಕ್ಕೆ ಉತ್ತರವೇ ಇಲ್ಲ, ತಲೆ ತಗ್ಗಿಸಿ ಎರಡು ನಿಮಿಷ ನಿಂತ್ರೆ ಮುಗಿಯಿತು, ದಪ್ಪ ಚರ್ಮದವನಿಗೆ ಅದು ಮಳೆಗಾಲದಲ್ಲಿ ಕೊಡೆ ಮರೆತು ಒದ್ದೆಯಾದ ಹಾಗೆ, ಮನೆಗೆ ಹೋಗುವಷ್ಟರಲ್ಲಿ ಒಣಗಿರ್ತದೆ. ನೋವಾಗುದು ಕೆಲಸ ಮಾಡುವವನಿಗೆ. ಇನ್ನು ಬೈಗುಳದಿಂದ ಫೈಲ್ ಓಡ್ತದೆ ಅನ್ನುದೂ ಅರ್ಧ ಸತ್ಯ, ಅವತ್ತು ಬೈಸಿಕೊಂಡ ಒಂದು ಫೈಲ್ ಓಡ್ತದೆ, ಅದರ ಅಡಿಯಲ್ಲಿದ್ದ ನಿಮ್ಮ ನನ್ನ ಫೈಲ್ ಇನ್ನೂ ಕೆಳಗೆ ಹೋಗ್ತದೆ. ಹುದ್ದೆ ಖಾಲಿ ಇದ್ದು ಒಬ್ಬನೇ ಮೂರು ಚಾರ್ಜ್ ನೋಡ್ಕೊಳ್ಳುವ ಕಡೆ ಬೈದು ಏನು ಬರ್ತದೆ, ಆ ಹುದ್ದೆ ತುಂಬಿಸ್ಬೇಕಾದದ್ದು ಬೈಯುವವರ ಸರ್ಕಾರವೇ ಅಲ್ವಾ.

ಈಗ ಬ್ರಿಟನ್ನನ್ನು ತಲೆ ಮೇಲೆ ಹೊತ್ಕೊಳ್ಳುವ ಮೊದಲು ಪ್ರೀತಿ ಪಟೇಲ್ ಕಥೆಯನ್ನೂ ಹೇಳ್ಬೇಕು. ಬೋರಿಸ್ ಜಾನ್ಸನ್ ಕಾಲದ ಗೃಹಮಂತ್ರಿ. ಅವರ ಇಲಾಖೆಯ ಅತಿ ಹಿರಿಯ ಅಧಿಕಾರಿ, ನಮ್ಮಲ್ಲಿ ಪ್ರಿನ್ಸಿಪಲ್ ಸೆಕ್ರೆಟರಿ ಅಂದುಕೊಳ್ಳಿ, ಸರ್ ಫಿಲಿಪ್ ರಟ್ನಮ್, 2020ರ ಫೆಬ್ರವರಿ 29ಕ್ಕೆ ಕ್ಯಾಮೆರಾ ಎದುರು ನಿಂತು ರಾಜೀನಾಮೆ ಘೋಷಿಸಿ ಸರ್ಕಾರದ ಮೇಲೆ ಕೇಸ್ ಹಾಕ್ತೇನೆ ಅಂದ್ರು. ಮಂತ್ರಿಗಳ ನಡವಳಿಕೆ ಬಗ್ಗೆ ಪ್ರಧಾನಿಗೆ ಸಲಹೆ ಕೊಡುವ ಸರ್ ಅಲೆಕ್ಸ್ ಅಲನ್ ವಿಚಾರಣೆ ಮಾಡಿ, ಉದ್ದೇಶ ಇಲ್ಲದಿದ್ರೂ ಎದುರಿನವರ ಮೇಲೆ ಆದ ಪರಿಣಾಮ ನೋಡಿದ್ರೆ ಇದು ಬುಲ್ಲಿಯಿಂಗೇ, ಬೊಬ್ಬೆ ಬೈಗುಳ ಎರಡೂ ಇತ್ತು, ನಿಯಮ ಮುರಿದ ಹಾಗೆ ಆಗಿದೆ ಅಂತ ಬರೆದುಕೊಟ್ರು. ಆಮೇಲೆ ಏನಾಯ್ತು? ಜಾನ್ಸನ್, ನಿಯಮ ಮುರಿದಿಲ್ಲ ಅಂತ ನನ್ನ ಅಭಿಪ್ರಾಯ ಅಂದ್ರು. ಪ್ರೀತಿ ಪಟೇಲ್ ಕ್ಷಮೆ ಕೇಳಿ ಕುರ್ಚಿಯಲ್ಲೇ ಉಳಿದ್ರು. 2020ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟದ್ದು ರಿಪೋರ್ಟ್ ಬರೆದ ಅಲನ್! 2021ರ ಮಾರ್ಚಿನಲ್ಲಿ ಸರ್ಕಾರ ತಪ್ಪೊಪ್ಪಿಕೊಳ್ಳದೆ ರಟ್ನಮ್ ಅವರಿಗೆ 3,40,000 ಪೌಂಡ್ ಕೊಟ್ಟು ಕೇಸ್ ಮುಗಿಸಿತು, ಅದೂ ಜನರ ದುಡ್ಡು.

ಒಂದೇ ದೇಶ, ಒಂದೇ ಪಕ್ಷ, ಒಂದೇ ನಿಯಮ, ಮೂರು ವರ್ಷದೊಳಗೆ ಎರಡು ಉತ್ತರ. ಯಾಕಂದ್ರೆ ಕೊನೆಯ ಮಾತು ಪ್ರಧಾನಿಯದ್ದು. ಮಂತ್ರಿಯನ್ನು ನೇಮಿಸಿದವನೇ ಮಂತ್ರಿಯ ನ್ಯಾಯಾಧೀಶ. ಆಗಿನ ನಿಯಮದಲ್ಲಿ ಸಲಹೆಗಾರರಿಗೆ ಪ್ರಧಾನಿಯ ಒಪ್ಪಿಗೆ ಇಲ್ಲದೆ ತನಿಖೆ ಶುರು ಮಾಡುವ ಅಧಿಕಾರವೂ ಇರಲಿಲ್ಲ, ಅದನ್ನು ಬದಲಾಯಿಸಿದ್ದು 2024ರ ನವೆಂಬರಿನಲ್ಲಿ, ಸ್ಟಾರ್ಮರ್ ಸರ್ಕಾರ ಬಂದ ಮೇಲೆ. ರಾಬ್ ಹೋದದ್ದರಲ್ಲಿ ವ್ಯವಸ್ಥೆಯ ಪಾಲು ಎಷ್ಟು, ತಾನೇ ಮೊದಲು ಬಾಯಿ ಬಿಟ್ಟು ಹೇಳಿದ ಮಾತಿಗೆ ಸಿಕ್ಕಿ ಬಿದ್ದದ್ದು ಎಷ್ಟು ಅಂತ ಕೇಳಿದ್ರೆ ನಾನು ಎರಡನೆಯದಕ್ಕೇ ಜಾಸ್ತಿ ಮಾರ್ಕ್ ಕೊಡುದು.

ಆದ್ರೂ ಅಲ್ಲಿ ಒಂದು ದಾರಿ ಇತ್ತು. ಮಂತ್ರಿಗಳ ಸಂಹಿತೆಯಲ್ಲಿ ಬುಲ್ಲಿಯಿಂಗ್ ಸಹಿಸುದಿಲ್ಲ ಅಂತ ಒಂದು ಸಾಲು ಇತ್ತು, ದೂರು ಬರೆದವರ ಹೆಸರು ಗುಟ್ಟಾಗಿ ಇಟ್ಟು ಕೇಳುವವರು ಒಬ್ಬರು ಇದ್ರು, ಬೆನ್ನ ಹಿಂದೆ ಒಂದು ಯೂನಿಯನ್ ಇತ್ತು. ಆ ಯೂನಿಯನ್ನಿನ ಹೆಸರು ಕೇಳಿ ನಗು ಬಂತು: ಎಫ್‌ಡಿಎ! ಅಲ್ಲಿ ಫಸ್ಟ್ ಡಿವಿಷನ್ ಅಂದ್ರೆ ಮೇಲಿನ ಸಾಲಿನ ದೊಡ್ಡ ಅಧಿಕಾರಿಗಳು, ಹೆಸರು ಅಲ್ಲಿಂದ ಬಂದದ್ದು. ನಮ್ಮ ಎಫ್‌ಡಿಎ ಅಂದ್ರೆ ತಾಲೂಕು ಆಫೀಸಿನಲ್ಲಿ ಫೈಲಿನ ಬೆಟ್ಟದ ಹಿಂದೆ ಕೂತಿರುವ ಪ್ರಥಮ ದರ್ಜೆ ಸಹಾಯಕ. ಅವರ ಎಫ್‌ಡಿಎ ಪ್ರೀತಿ ಪಟೇಲ್ ವಿಷಯದಲ್ಲಿ ಪ್ರಧಾನಿಯ ತೀರ್ಮಾನವನ್ನೇ ಹೈಕೋರ್ಟಿಗೆ ಎಳೀತು, 2021ರ ಡಿಸೆಂಬರಿನಲ್ಲಿ ಸೋತಿತು ಅನ್ನಿ, ಆದ್ರೂ ಎಳೀತು. ನಮ್ಮಲ್ಲಿ ನೌಕರರ ಸಂಘ ದೊಡ್ಡದೇ ಉಂಟು, ವೇತನ ಆಯೋಗ, ಹಳೆ ಪೆನ್ಷನ್ ವಿಷಯದಲ್ಲಿ ಸರ್ಕಾರವನ್ನು ನಡುಗಿಸುವಷ್ಟು ತಾಕತ್ತೂ ಉಂಟು. ಮಂತ್ರಿ ಒಬ್ಬ ಕ್ಲರ್ಕಿಗೆ ಬೈದದ್ದಕ್ಕೆ ಕೋರ್ಟಿಗೆ ಹೋದದ್ದು ನಾನಂತೂ ಕೇಳಿಲ್ಲ.

ನಮ್ಮ ಕಾನೂನಿಗೆ ಏನು ಕಾಣ್ತದೆ? ಕೈ ಕಾಣ್ತದೆ. ಸರ್ಕಾರಿ ನೌಕರನ ಕೆಲಸ ತಡೀಲಿಕ್ಕೆ ಹಲ್ಲೆ ಮಾಡಿದ್ರೆ, ಬಲ ತೋರಿಸಿದ್ರೆ ಮೊದಲು ಐಪಿಸಿ 353, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 132, ಎರಡು ವರ್ಷದ ತನಕ ಜೈಲು. ಬೆದರಿಕೆಗೆ ಬೇರೆ ಸೆಕ್ಷನ್. ಮಹಿಳಾ ನೌಕರರ ಮೇಲೆ ಲೈಂಗಿಕ ಕಿರುಕುಳ ಆದ್ರೆ 2013ರ ಕಾಯ್ದೆ ಉಂಟು, ಆಫೀಸಿನಲ್ಲಿ ಸಮಿತಿ ಇರ್ಬೇಕು, ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರ್ಬೇಕು. ಆ ಕಾಯ್ದೆಯಲ್ಲಿ ಹೆದರಿಸುವ ವಾತಾವರಣ, ಅವಮಾನದ ವರ್ತನೆ ಅನ್ನುವ ಮಾತು ಕೂಡ ಬರ್ತದೆ, ಆದ್ರೆ ಲೈಂಗಿಕ ಕಿರುಕುಳದ ಜೊತೆ ಸೇರಿ ಬಂದ್ರೆ ಮಾತ್ರ. ಕೈ ಎತ್ತದೆ, ಲೈಂಗಿಕ ಸಂಬಂಧ ಏನೂ ಇಲ್ಲದೆ, ಆರು ತಿಂಗಳು ದಿನಾ ಒಬ್ಬನನ್ನು ಎಲ್ಲರೆದುರು ಕಸ ಮಾಡಿದ್ರೆ ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಕೆಲಸದ ಜಾಗದ ಹಿಂಸೆ ಕಿರುಕುಳದ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲೇ 190ನೇ ಒಪ್ಪಂದ ಮಾಡಿತು, ಅದಕ್ಕೆ ಭಾರತದ ಒಪ್ಪಿಗೆ ಬೀಳಲಿಲ್ಲ.

ಮಂತ್ರಿಗಳಿಗೆ ನಡತೆ ಸಂಹಿತೆ ನಮ್ಮಲ್ಲೂ ಉಂಟು ಮಾರಾಯ್ರೆ, ಕೇಂದ್ರ ಗೃಹ ಇಲಾಖೆಯದ್ದು, ಹಳೇದು. ಅದರ ತುಂಬಾ ಆಸ್ತಿ ವಿವರ, ಮನೆಯವರ ಬಿಸಿನೆಸ್ಸು, ಉಡುಗೊರೆ ಇದೇ. ರಾಜ್ಯದ ಮಂತ್ರಿ ಅದನ್ನು ಪಾಲಿಸ್ತಾರಾ ಅಂತ ನೋಡ್ಬೇಕಾದವರು ಮುಖ್ಯಮಂತ್ರಿ. ಅಂದ್ರೆ ಲಂಡನ್ನಿನದ್ದೇ ಕಥೆ, ಕುರ್ಚಿ ಕೊಟ್ಟವರೇ ತಕ್ಕಡಿ ಹಿಡಿಯುದು. ಹಾಂ, 1984ರ ಲೋಕಾಯುಕ್ತ ಕಾಯ್ದೆಯಲ್ಲಿ, ಅಧಿಕಾರ ದುರುಪಯೋಗ ಮಾಡಿ ಇನ್ನೊಬ್ಬರಿಗೆ ಅನಗತ್ಯ ತೊಂದರೆ ಕೊಡುದೂ ಆರೋಪದ ವ್ಯಾಖ್ಯೆಯೊಳಗೆ ಬರ್ತದೆ, ಮಂತ್ರಿ ಶಾಸಕರೂ ಅದರ ವ್ಯಾಪ್ತಿಯಲ್ಲಿ ಇದ್ದಾರೆ. ಕಾಗದದ ಮೇಲೆ ಇದು ಚಂದದ ದಾರಿ. ನಾಳೆಯಿಂದ ಅದೇ ಮಂತ್ರಿಯ ಎದುರು ಪ್ರೋಗ್ರೆಸ್ ರಿಪೋರ್ಟ್ ಹಿಡ್ಕೊಂಡು ನಿಲ್ಬೇಕಾದ ಮನುಷ್ಯ ಇವತ್ತು ಅಫಿಡವಿಟ್ ಮಾಡಿ ಲೋಕಾಯುಕ್ತಕ್ಕೆ ಕೊಡ್ತಾನಾ, ನೀವೇ ಹೇಳಿ.

ಕೊಟ್ರೆ ಏನಾಗ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಟ್ರಾನ್ಸ್‌ಫರ್.

ನಮ್ಮಲ್ಲಿ ಬುಲ್ಲಿಯಿಂಗ್ ಅಂದ್ರೆ ನಿಜವಾಗಿ ಬೊಬ್ಬೆ ಅಲ್ಲ, ಬೊಬ್ಬೆ ಬರೀ ಗುಡುಗು. ಸಿಡಿಲು ಟ್ರಾನ್ಸ್‌ಫರ್. ಸಂವಿಧಾನದ 311ನೇ ವಿಧಿ ನೌಕರನನ್ನು ವಿಚಾರಣೆ ಇಲ್ಲದೆ ಕೆಲಸದಿಂದ ತೆಗೀಲಿಕ್ಕೆ, ಹುದ್ದೆಯಿಂದ ಇಳಿಸ್ಲಿಕ್ಕೆ ಬಿಡುದಿಲ್ಲ. ಆದ್ರೆ ವರ್ಗಾವಣೆ ಶಿಕ್ಷೆ ಅಲ್ಲ, ಅದು ಸೇವೆಯ ಸಹಜ ಭಾಗ, ಹಾಗಾಗಿ ಕಾರಣ ಹೇಳ್ಬೇಕಿಲ್ಲ, "ಸಾರ್ವಜನಿಕ ಹಿತದೃಷ್ಟಿಯಿಂದ" ಅಂತ ಒಂದು ಸಾಲು ಸಾಕು. ಮಕ್ಕಳು ಇಲ್ಲಿ ಪಿಯುಸಿಯಲ್ಲಿ, ಅಮ್ಮನಿಗೆ ಇಲ್ಲಿ ಡಯಾಲಿಸಿಸ್, ಆರ್ಡರ್ ಬೀದರಿಗೆ. ಇಲ್ಲದಿದ್ರೆ ಇನ್ನೂ ಒಂದು ಚಂದದ ಉಪಾಯ ಉಂಟು, ಹುದ್ದೆ ತೋರಿಸದೆ ವರ್ಗ ಮಾಡುದು, ಆಗ ಆ ಮನುಷ್ಯ ಸಂಬಳವೂ ಇಲ್ಲದೆ ಬೆಂಗಳೂರಿನ ಕಾರಿಡಾರಿನಲ್ಲಿ ಅಲೀತಾ ಇರ್ತಾನೆ. ಪ್ರಶ್ನೆ ಮಾಡ್ಬೇಕಾದ್ರೆ ಕೆಎಟಿಗೆ, ಅಂದ್ರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಗ್ಬೇಕು, ಅದು ಬೆಂಗಳೂರಿನಲ್ಲಿ, ಪೀಠ ಬೆಳಗಾವಿ ಕಲಬುರಗಿಯಲ್ಲೂ ಉಂಟು, ಕರಾವಳಿಯಲ್ಲಿ ಇಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದ್ರೆ ನ್ಯಾಯಕ್ಕೂ ಚಾರ್ಮಾಡಿ ಸುತ್ತಿ ಹೋಗ್ಬೇಕು.

ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ಕ್ಕೆ ಟಿ.ಎಸ್.ಆರ್. ಸುಬ್ರಮಣಿಯನ್ ಕೇಸಿನಲ್ಲಿ ಇದಕ್ಕೇ ಕೈ ಹಾಕಿದ್ದು. ಅಧಿಕಾರಿಗಳಿಗೆ ಒಂದು ಜಾಗದಲ್ಲಿ ಕನಿಷ್ಠ ಅವಧಿ ಇರ್ಬೇಕು, ವರ್ಗಾವಣೆ ನೋಡ್ಲಿಕ್ಕೆ ಸಿವಿಲ್ ಸೇವಾ ಮಂಡಳಿ ಇರ್ಬೇಕು, ಬಾಯಿ ಮಾತಿನ ಆದೇಶದ ಮೇಲೆ ನಡೀಬಾರದು, ಬರಹದಲ್ಲಿ ತಗೊಳ್ಳಬೇಕು ಅಂತ ಹೇಳಿತು. ನನ್ನ ಲೆಕ್ಕದಲ್ಲಿ ಕೊನೆಯದ್ದೇ ಎಲ್ಲಕ್ಕಿಂತ ದೊಡ್ಡದು. ಯಾಕಂದ್ರೆ ಈ ಬೈಗುಳದ ಮುಕ್ಕಾಲು ಪಾಲು ಶುರುವಾಗುದು ಬರಹದಲ್ಲಿ ಕೊಡ್ಲಿಕ್ಕೆ ಆಗದ ಒಂದು ಕೆಲಸ ಇದ್ದಾಗ. ಆ ಬಿಲ್ ಪಾಸ್ ಮಾಡು, ಆ ಮರಳಿನ ಲಾರಿ ಬಿಡು, ಅವನ ಅರ್ಜಿ ಮೊದಲು ಮಾಡು. ಫೋನಿನಲ್ಲಿ ಹೇಳ್ತಾರೆ, ಮಾಡದಿದ್ರೆ ಮುಂದಿನ ಮೀಟಿಂಗಿನಲ್ಲಿ ಬೇರೆ ಯಾವುದೋ ವಿಷಯ ತೆಗೆದು ಎದ್ದು ನಿಲ್ಲಿಸ್ತಾರೆ. ನಾವು ವಿಡಿಯೊದಲ್ಲಿ ನೋಡುದು ಆ ಬೇರೆ ವಿಷಯವನ್ನು ಮಾತ್ರ. "ಸರ್, ಬರಹದಲ್ಲಿ ಕೊಡಿ" ಅನ್ನುವ ಮೂರು ಶಬ್ದ ಹೇಳುವ ಧೈರ್ಯ ಎಷ್ಟು ಜನರಿಗೆ ಉಂಟು? ಅದು ಹೇಳಿದವನೇ ಆಮೇಲೆ "ಸಹಕಾರ ಕೊಡದ ಅಧಿಕಾರಿ" ಆಗುದು.

ಹತ್ತು ವರ್ಷ ಹಿಂದಿನ ಅನುಪಮಾ ಶೆಣೈ ವಿಷಯ ನೆನಪುಂಟಲ್ಲ, ನಮ್ಮ ಉಡುಪಿ ಜಿಲ್ಲೆಯವರೇ. 2016ರಲ್ಲಿ ಕೂಡ್ಲಿಗಿಯಲ್ಲಿ ಡಿವೈಎಸ್ಪಿ. ಆಗಿನ ಕಾರ್ಮಿಕ ಮಂತ್ರಿ ಪಿ.ಟಿ. ಪರಮೇಶ್ವರ ನಾಯ್ಕರ ಫೋನ್ ಹೋಲ್ಡಿನಲ್ಲಿ ಇಟ್ರು ಅನ್ನುವ ಕಾರಣಕ್ಕೆ ವಿಜಯಪುರ ಜಿಲ್ಲೆಯ ಇಂಡಿಗೆ ವರ್ಗ ಆಯ್ತು ಅಂತ ಸುದ್ದಿ ಬಂತು, ತಾನೇ ವರ್ಗ ಮಾಡಿಸಿದ್ದು ಅನ್ನುವ ಹಾಗೆ ಮಂತ್ರಿ ಮಾತಾಡುವ ವಿಡಿಯೊ ಟಿವಿಯಲ್ಲಿ ಓಡಿತು, ಕೂಡ್ಲಿಗಿಯಲ್ಲಿ ಜನ ಬೀದಿಗೆ ಇಳಿದ್ರು, ವರ್ಗಾವಣೆ ವಾಪಸ್ ಆಯ್ತು. ಜೂನಿನಲ್ಲಿ ಅವರು ರಾಜೀನಾಮೆ ಕೊಟ್ಟೇ ಹೊರಗೆ ಬಂದ್ರು, ಆಮೇಲೆ ಪಕ್ಷ ಕಟ್ಟಿ ಚುನಾವಣೆಗೂ ನಿಂತ್ರು. ಅವರ ನಂತರದ ರಾಜಕೀಯ, ಫೇಸ್‌ಬುಕ್ ಪೋಸ್ಟುಗಳ ಬಗ್ಗೆ ನಿಮಗೆ ಏನೇ ಅಭಿಪ್ರಾಯ ಇರ್ಲಿ, ಅದು ಬೇರೆ. ಒಂದು ಫೋನ್ ಹೋಲ್ಡಿಗೆ ಒಂದು ಟ್ರಾನ್ಸ್‌ಫರ್ ಅನ್ನುವ ರೇಟ್ ಊರಿಗೆಲ್ಲ ಗೊತ್ತಾದದ್ದು ಆಗ.

ಇನ್ನೊಂದು ಈಚಿನದ್ದು. 2025ರ ಏಪ್ರಿಲ್ 28, ಬೆಳಗಾವಿಯಲ್ಲಿ ಕಾಂಗ್ರೆಸ್ ಸಮಾವೇಶ, ಬಿಜೆಪಿಯ ಮಹಿಳೆಯರು ಕಪ್ಪು ಬಾವುಟ ತೋರಿಸಿದ್ರು, ಮುಖ್ಯಮಂತ್ರಿ ಸಿದ್ದರಾಮಯ್ಯ ಸಿಟ್ಟಾಗಿ ಬಂದೋಬಸ್ತಿನ ಹೆಚ್ಚುವರಿ ಎಸ್ಪಿಯನ್ನು ವೇದಿಕೆಗೆ ಕರೆದು ಕೈ ಎತ್ತಿದ್ರು. ಹೊಡೀಲಿಲ್ಲ, ಎತ್ತಿದ ಕೈ ಅಲ್ಲೇ ನಿಂತಿತು. ಕೆಲವು ವಾರ ಕಳೆದು ಆ ಅಧಿಕಾರಿ ಸ್ವಯಂ ನಿವೃತ್ತಿ ಕೇಳಿ ಪತ್ರ ಬರೆದ್ರು, ಎಲ್ಲರೆದುರು ಆದ ಅವಮಾನ ತಡ್ಕೊಳ್ಳಲಿಕ್ಕೆ ಆಗುದಿಲ್ಲ ಅಂತ. ಆಮೇಲೆ ಮಾತುಕತೆ ಆಗಿ ಅವರು ಸೇವೆಯಲ್ಲೇ ಮುಂದುವರಿದ್ರು. ಇಲ್ಲಿ ನೋಡ್ಬೇಕಾದ್ದು ಏನಂದ್ರೆ, ಅಷ್ಟು ಹಿರಿಯ ಪೊಲೀಸ್ ಅಧಿಕಾರಿಗೂ ತನಗಾದದ್ದನ್ನು ಬರೆಯಲಿಕ್ಕೆ ಸಿಕ್ಕಿದ ಫಾರ್ಮ್ ಯಾವುದು? ದೂರಿನ ಫಾರ್ಮ್ ಅಲ್ಲ, ನಿವೃತ್ತಿಯ ಫಾರ್ಮ್. ಯಾರ ವಿರುದ್ಧ ದೂರೋ ಅವರೇ ಸರ್ಕಾರ ಆದ್ರೆ ಮತ್ತೇನು ಮಾಡುದು.

ಕಾಂಗ್ರೆಸ್ ಮಾತ್ರ ಅಂತ ಖುಷಿಪಡುವವರಿಗೆ ಒಂದು ಮಾತು. 2024ರ ಮೇಯಲ್ಲಿ ನಮ್ಮ ಬೆಳ್ತಂಗಡಿಯಲ್ಲೇ, ಬಿಜೆಪಿ ಶಾಸಕ ಹರೀಶ್ ಪೂಂಜ ಠಾಣೆಗೆ ಹೋಗಿ ಪೊಲೀಸರಿಗೆ ಬೆದರಿಕೆ ಹಾಕಿದ್ರು ಅಂತ ಕೇಸ್ ದಾಖಲಾಯ್ತು, ಅದಕ್ಕಿಂತ ಮೊದಲು 2023ರ ಅಕ್ಟೋಬರಿನಲ್ಲಿ ಕಳೆಂಜದಲ್ಲಿ ಅರಣ್ಯ ಇಲಾಖೆಯವರ ಜೊತೆ ಆದ ಜಟಾಪಟಿಯಲ್ಲೂ ಕೇಸ್ ಆಗಿತ್ತು. ಅವೆಲ್ಲ ಆರೋಪ, ಅದರ ಸರಿತಪ್ಪು ಹೇಳ್ಲಿಕ್ಕೆ ಕೋರ್ಟ್ ಉಂಟು, ನಾನು ಹೋಗುದಿಲ್ಲ. ಆದ್ರೆ ಆಗ ನಮ್ಮ ಕಡೆ ಜನರ ಮಾತು ಹೇಗೆ ಇತ್ತು ಅಂದ್ರೆ, ಅವರ ಪಕ್ಷದವರಿಗೆ ಅದು "ಬಡವನ ಪರ ನಿಂತ ಶಾಸಕ", ಇನ್ನೊಂದು ಪಕ್ಷದವರಿಗೆ "ಗೂಂಡಾಗಿರಿ". ಬೆಳಗಾವಿಯ ಕೈ ವಿಷಯದಲ್ಲಿ ಇದೇ ಜನ ತದ್ವಿರುದ್ಧ ಮಾತಾಡಿದ್ರು. ಬೈಸಿಕೊಂಡ ನೌಕರ ಎರಡೂ ಕಡೆ ಬರೀ ಪ್ರಾಪ್ಸು, ನಾಟಕದ ಬೆಂಚಿನ ಹಾಗೆ.

ಇನ್ನು ಕೇಸ್ ದಾಖಲಾಗುದು ಕೂಡ ಹೆಚ್ಚಾಗಿ ಯಾವಾಗ? ನೌಕರನ ಇಲಾಖೆಗೆ ಸ್ವಂತ ಯೂನಿಫಾರ್ಮ್ ಇದ್ದಾಗ, ಶಾಸಕ ವಿರೋಧ ಪಕ್ಷದಲ್ಲಿ ಇದ್ದಾಗ. ಪಂಚಾಯತಿನ ಪಿಡಿಒಗೆ, ಆಸ್ಪತ್ರೆಯ ನರ್ಸಿಗೆ, ಮೆಸ್ಕಾಂ ಲೈನ್‌ಮ್ಯಾನಿಗೆ ಆಡಳಿತ ಪಕ್ಷದವರು ಬೈದ್ರೆ ಯಾವ ಸೆಕ್ಷನ್ನೂ ಏಳುದಿಲ್ಲ. ಶಾಸಕರಿಗೆ ಬೇಜಾರಾದ್ರೆ ಮಾತ್ರ ಅಸ್ತ್ರ ಬೇಕಾದಷ್ಟು. ಉದ್ಘಾಟನೆಯ ಕಾರ್ಡಿನಲ್ಲಿ ಹೆಸರು ಎರಡು ಸಾಲು ಕೆಳಗೆ ಬಂದ್ರೆ ಶಿಷ್ಟಾಚಾರ ಉಲ್ಲಂಘನೆ, ಫೋನ್ ಎತ್ತದಿದ್ರೆ ಹಕ್ಕುಚ್ಯುತಿ. ಜನಪ್ರತಿನಿಧಿಯ ಮರ್ಯಾದೆ ಕಾಯ್ಲಿಕ್ಕೆ ವಿಧಾನಸಭೆಯಲ್ಲಿ ಸಮಿತಿಯೇ ಉಂಟು.

ಮೇಲಿಂದ ಬಿದ್ದದ್ದು ಮೇಲೆಯೇ ನಿಲ್ಲುದಿಲ್ಲ. ಮಂತ್ರಿ ಡಿಸಿಗೆ ಬೈದ್ರೆ, ಡಿಸಿ ಸಂಜೆ ವಿಡಿಯೊ ಕಾನ್ಫರೆನ್ಸಿನಲ್ಲಿ ತಹಶೀಲ್ದಾರಿಗೆ, ತಹಶೀಲ್ದಾರ್ ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ ವಿಎಗೆ ಅಂದ್ರೆ ಗ್ರಾಮ ಆಡಳಿತ ಅಧಿಕಾರಿಗೆ, ವಿಎ ಬೆಳಿಗ್ಗೆ ಗ್ರಾಮ ಸಹಾಯಕನಿಗೆ. ಗ್ರಾಮ ಸಹಾಯಕನ ಕೆಳಗೆ ಯಾರು ಇದ್ದಾರೆ? ಅರ್ಜಿ ಹಿಡ್ಕೊಂಡು ಬಂದ ನಾನು. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಮುಷ್ಕರ ಕೂತದ್ದು ಮೊಬೈಲ್ ಆ್ಯಪುಗಳ ಹೊರೆ ಜಾಸ್ತಿ ಆಯ್ತು, ಒತ್ತಡ ತಡ್ಕೊಳ್ಳಲಿಕ್ಕೆ ಆಗುದಿಲ್ಲ ಅಂತ. ಆಫೀಸಿನ ಒಳಗಿನ ಬುಲ್ಲಿಯಿಂಗ್ ಅಂದ್ರೆ ರಾಜಕಾರಣಿ ಮಾತ್ರ ಅಲ್ಲ, ಐಎಎಸ್‌ನವರು ಐಎಎಸ್‌ನವರ ಮೇಲೆಯೇ ಆರೋಪ ಮಾಡಿದ್ದುಂಟು, 2021ರ ಜೂನಿನಲ್ಲಿ ಮೈಸೂರಿನ ಪಾಲಿಕೆ ಕಮಿಷನರ್ ಶಿಲ್ಪಾ ನಾಗ್, ಡಿಸಿ ರೋಹಿಣಿ ಸಿಂಧೂರಿ ಕಿರುಕುಳ ಕೊಡ್ತಾರೆ ಅಂತ ರಾಜೀನಾಮೆ ಘೋಷಿಸಿದ್ರು, ಡಿಸಿ ಅಲ್ಲಗಳೆದ್ರು. ಸರ್ಕಾರ ಏನು ಮಾಡಿತು? ಎರಡೇ ದಿನದಲ್ಲಿ ಇಬ್ಬರನ್ನೂ ಟ್ರಾನ್ಸ್‌ಫರ್. ಯಾರದ್ದು ಸರಿ ಯಾರದ್ದು ತಪ್ಪು ಅಂತ ಒಂದು ಪುಟದ ತೀರ್ಮಾನವೂ ಜನರ ಎದುರು ಬರಲಿಲ್ಲ.

ಹಾಗಾದ್ರೆ ಮಾಡುದೆಂತ ಅಂತ ಕೇಳ್ತೀರಿ. ದೊಡ್ಡ ಕಾನೂನು ಬರುವ ತನಕ ಕಾಯ್ಬೇಕಿಲ್ಲ. ಕೆಡಿಪಿ ಮೀಟಿಂಗಿನ ನಡವಳಿಯಲ್ಲಿ ಮಂತ್ರಿ ಕೇಳಿದ ಪ್ರಶ್ನೆ, ಅಧಿಕಾರಿ ಕೊಟ್ಟ ಉತ್ತರ ಎರಡೂ ಹಾಗೇ ಹಾಗೇ ದಾಖಲಾಗಿ ಜಿಲ್ಲೆಯ ವೆಬ್‌ಸೈಟಿಗೆ ಬಂದ್ರೆ ಅರ್ಧ ನಾಟಕ ನಿಲ್ತದೆ, ಯಾಕಂದ್ರೆ "ದನ ಕಾಯಿರಿ" ಅನ್ನುದನ್ನು ನಡವಳಿಯಲ್ಲಿ ಬರೀಲಿಕ್ಕೆ ಆಗುದಿಲ್ಲ, "ಹುದ್ದೆ ಖಾಲಿ ಇದೆ ಅಂತ ಮೂರು ಸಲ ಪತ್ರ ಬರೆದಿದ್ದೇವೆ" ಅನ್ನುವ ಉತ್ತರ ಬರೀಲೇಬೇಕಾಗ್ತದೆ. ದೂರು ಕೇಳುವವರು ಇಲಾಖೆಯಿಂದಲೂ ಸಚಿವ ಸಂಪುಟದಿಂದಲೂ ಹೊರಗಿನವರು ಇರ್ಬೇಕು, ಮತ್ತು ದೂರು ಕೊಟ್ಟವನನ್ನು ಒಂದು ವರ್ಷ ಅವನ ಒಪ್ಪಿಗೆ ಇಲ್ಲದೆ ಕದಲಿಸ್ಬಾರದು, ಇಷ್ಟಿಲ್ಲದೆ ಬೇರೆ ಏನು ಮಾಡಿದ್ರೂ ಬೋರ್ಡ್ ಮಾತ್ರ. ಸುಳ್ಳು ದೂರು ಬರುದಿಲ್ವಾ? ಬರ್ತದೆ. ಕೆಲಸ ಕೇಳಿದ್ದಕ್ಕೆ ಬುಲ್ಲಿಯಿಂಗ್ ಅಂತ ಹೇಳುವ ಸೋಮಾರಿಗಳು ಖಂಡಿತ ಹುಟ್ತಾರೆ, ರಾಬ್ ಕೇಸಿನಲ್ಲೂ ಎಲ್ಲ ಆರೋಪ ನಿಲ್ಲಲಿಲ್ಲವಲ್ಲ, ವಿಚಾರಣೆ ಅಂತ ಇರುದು ಅದಕ್ಕೇ.

ನನ್ನ ಪರಿಚಯದವರೊಬ್ಬರು, ಈಗ ರಿಟೈರ್ಡ್, ಕರಾವಳಿಯ ಒಂದು ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಒಂದು ಮೀಟಿಂಗಿನಲ್ಲಿ ಇವರದ್ದಲ್ಲದ ತಪ್ಪಿಗೆ ಒಬ್ಬ ದೊಡ್ಡ ಮನುಷ್ಯ ಇವರನ್ನು ಎದ್ದು ನಿಲ್ಲಿಸಿ ಮೈಕಿನಲ್ಲಿ ಬೈದ, ಮಗಳು ಕಾಲೇಜಿನಲ್ಲಿ ಆ ವಿಡಿಯೊ ನೋಡಿದ್ಳು. ಅವತ್ತು ರಾತ್ರಿ ಕೂತು ದೂರು ಬರೀಲಿಕ್ಕೆ ಶುರು ಮಾಡಿದ್ರಂತೆ. ಮೂವತ್ತು ವರ್ಷ ಬೇರೆಯವರ ಅರ್ಜಿ ತಿದ್ದಿದ ಕೈ ಅಲ್ವಾ, ಫಾರ್ಮ್ಯಾಟ್ ತಪ್ಪುದಿಲ್ಲ. "ಇಂದ" ಬರೆದು ಕೆಳಗೆ ಹೆಸರು, ಹುದ್ದೆ. "ಮಾನ್ಯರೇ". "ವಿಷಯ". "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ". ಎರಡು ಪುಟ ತುಂಬಿತು. "ಮೇಲಧಿಕಾರಿಗಳ ಮೂಲಕ" ಅಂತಲೂ ಬರೆದ್ರು, ಆ ಮೇಲಧಿಕಾರಿ ಮೀಟಿಂಗಿನಲ್ಲಿ ದೊಡ್ಡ ಮನುಷ್ಯನ ಪಕ್ಕದ ಕುರ್ಚಿಯಲ್ಲೇ ಇದ್ದದ್ದು. ಮೇಲೆ ಎಡಗಡೆ "ಗೆ" ಅಂತ ಬರೆದು ಜಾಗ ಬಿಟ್ಟಿದ್ರು, ಕೊನೆಗೆ ತುಂಬಿಸುವ ಅಂತ. ಆ ಕಾಗದ ಈಗ್ಲೂ ಅವರ ಮನೆಯ ಕಪಾಟಿನಲ್ಲಿ ಉಂಟು, ನನಗೆ ತೋರಿಸಿದ್ರು. "ಗೆ" ಮುಂದೆ ಖಾಲಿ.